ತಂಗಿಯ ವಿಳಾಸದಲ್ಲಿದ್ದ ಕಾಣದ ಅಕ್ಷರ

ನಮ್ಮದು ಕನ್ನಡ ಮಾತಾಡುವ ಮನೆ, ಓದಿದ್ದು ತಮಿಳು ಶಾಲೆಯಲ್ಲಿ. ನಾನು ಎಂಟಕ್ಕೇ ಬಿಟ್ಟೆ. ಕನ್ನಡ ಅಕ್ಷರವನ್ನು ತಂಗಿ ಮದುವೆಯಾದ ಮೇಲೆ ಫೋನು ನೋಡಿ ತಾನೇ ಕಲಿತಳು. ನಾನು ಇದನ್ನು ಬರೆಯುವಷ್ಟು ಕಲಿತದ್ದು ಈ ಸಂಗತಿ ನಡೆದ ಮೇಲೆ. ಅದಕ್ಕೆ ಮೊದಲು ಅವಳು ನನಗಿಂತ ಹೆಚ್ಚು ಬಲ್ಲಳೆಂಬುದು ನನಗೆ ಉರಿಯಾಗಿತ್ತು.

ಅದಿಯಮಾನ್‌ಕೋಟೆಯಲ್ಲಿ ನಾಲ್ವರು ಹೆಂಗಸರನ್ನು ಸೇರಿಸಿಕೊಂಡು ಅವಳು ಹುಣಸೆಹಣ್ಣು ಬಿಡಿಸಿ ಮಾರುತ್ತಿದ್ದಳು. ಹೊಸೂರಿನ ಅಂಗಡಿಯಾಕೆಯೊಬ್ಬರು, ಅವರೂ ಕನ್ನಡದವರೇ, ವೆಬ್‌ಸೈಟ್ ಮಾಡಿಸಿದರೆ ನೋಡಿ, ಇಡೀ ವರ್ಷದ ಹುಣಸೆಯನ್ನು ಇವಳಿಂದಲೇ ಕೊಳ್ಳುವುದಾಗಿ ಹೇಳಿದ್ದರು. ನಾಲ್ವರ ಕೂಲಿ ಆ ಮಾತನ್ನೇ ನಂಬಿತ್ತು. ಸೈಟಿನ ವಿಳಾಸವೂ ಕನ್ನಡದಲ್ಲೇ ಇರಲಿ ಎಂದು ತಂಗಿಗೆ ಹಟ. 'ಅದಿಯಮಾನ್‌ಕೋಟೆ ಹುಣಸೆ' ಎಂದು ಟೈಪ್ ಮಾಡಿ ನನ್ನ ಫೋನಿಗೆ ಕಳಿಸಿದಳು.

ಅದನ್ನು ಹಿಡಿದು ಧರ್ಮಪುರಿಯ ಕಂಪ್ಯೂಟರ್ ಅಂಗಡಿಗೆ ಹೋದೆ. "ಅಣ್ಣೇ, ನಡುವುಲ ಇಡಂ ವಿಡಕ್ಕೂಡಾದು" ಎಂದ ಅಂಗಡಿಯವ. ಎರಡು ಪದದ ನಡುವೆ ಜಾಗ ಬಿಡುವಂತಿಲ್ಲ, ಕೂಡಿಸಬೇಕು. ಸರಿ ಎಂದೆ. ಆಗಲೂ ಕಂಪ್ಯೂಟರ್ ಆ ಹೆಸರನ್ನು ಒಪ್ಪಲಿಲ್ಲ. ಊರಿನ ಹೆಸರಿನಲ್ಲಿ 'ನ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ, ಮುಂದಿನ 'ಕ' ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ, ಇಲ್ಲಿ ಅದಕ್ಕೆ ಪ್ರವೇಶವಿಲ್ಲ ಎಂದು ತಮಿಳಿನಲ್ಲೇ ವಿವರಿಸಿದ. "ಅದನ್ನ ತೆಗೆದು ಹೆಸರು ಹಾಕ್ತೀನಿ. ಆದರೆ ಆಮೇಲೆ ಯಾರಾದರೂ ಅದನ್ನಿಟ್ಟು ಬರೆದರೆ ಪೇಜು ತೆರೆಯೋದಿಲ್ಲ. ತಂಗಿಯನ್ನ ಕೇಳಿಬಿಡಿ" ಎಂದ.

ಕೇಳಲಿಲ್ಲ. ಅಕ್ಷರ ತಿಳಿಯದವನು ತಂಗಿಗೆ ಫೋನು ಮಾಡುವುದೇ? "ಆಕಪ್ಪ, ನಂಗೆ ಗೊತ್ತು" ಎಂದುಬಿಟ್ಟೆ. ಮನೆಗೆ ಬಂದು ಜಾಗ ಬಿಡಬಾರದೆಂಬುದನ್ನು ದೊಡ್ಡ ಪಂಡಿತನಂತೆ ಹೇಳಿದೆ. ಇನ್ನೊಂದನ್ನು ನುಂಗಿಕೊಂಡೆ.

ತಂಗಿ ವಿಳಾಸವನ್ನು ಸರಿಯಾಗಿ ಬರೆದಳು, ಆದ್ದರಿಂದಲೇ ಅದು ತೆರೆಯಲಿಲ್ಲ. ಹೊಸೂರಿಗೆ ಕಳಿಸಿದ್ದೂ ಅದೇ. ಊರ ಹೆಸರನ್ನು ಸರಿಯಾಗಿ ಬರೆದವಳಿಗೆ ಬಾಗಿಲು ಹಾಕುವ ಈ ವಿಳಾಸವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಆದರೆ ಅವನನ್ನು ಬೈದು ನಾನು ತಪ್ಪಿಸಿಕೊಳ್ಳಲಾರೆ. ನನಗೆ ಗೊತ್ತಿತ್ತು.

ನಾಲ್ಕು ದಿನ ಬರೆದಳು, ಅಳಿಸಿದಳು.

"ಅಣ್ಣ, ನಾನೇ ಏನೋ ತಪ್ ಬರೀತಾ ಇವ್ನಿ ಅನ್ಸ್ತೈತೆ."

ಹೆಂಗಸರೆಲ್ಲ ಕೂತಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆ, ಬೇರೆ ಮಾತಿಗೆ. "ನಿನ್ ಅರ್ದಂಬರ್ದ ಕನ್ನಡ ಯಾರಿಗ್ ಬೇಕಾಗಿತ್ತಮ್ಮಾ? ಅವತ್ತೇ ಏಳ್ದೆ, ತಮಿಳಲ್ಲಿ ಆಕು ಅಂತ. ಟೀಚರಮ್ಮ ಕೇಳ್ಬೇಕಲ್ಲ!"

ಹೆಂಗಸರು ನಕ್ಕರು. ತಂಗಿ ನಗಲಿಲ್ಲ. ಫೋನಿನಿಂದ ಕನ್ನಡದ ಕೀಬೋರ್ಡನ್ನೇ ತೆಗೆದುಹಾಕಿದಳು. ನಾನು ನೋಡುತ್ತಲೇ ನಿಂತಿದ್ದೆ.

ಮರುದಿನ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಹುಣಸೆ ಬಡಿಯುತ್ತಿದ್ದವರ ಕೈ ನಿಂತಿತು.

"ನಾಕು ದಿನ್ವೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಎಲ್ರೂ ನನ್ನ ನೋಡಿ ನಗೋ ಅಂಗ್ ಮಾಡ್ದಾಗ್ಲೂ?"

"ಊಂ."

ಅವಳು ಹೊಸೂರಿಗೆ ಫೋನು ಹಚ್ಚಿ ನನ್ನ ಕೈಗಿಟ್ಟಳು. "ನೀನೇ ಏಳು." ಹೇಳಿದೆ. ಅಂಗಡಿಯಾಕೆ ಸಿಟ್ಟೇನೂ ಮಾಡಲಿಲ್ಲ. ಪೇಜು ತೆರೆಯಲಿಲ್ಲವೆಂದು ಪಾಲಕೋಡಿನ ಬೇರೆಯವರಿಗೆ ಮಾತು ಕೊಟ್ಟಾಯಿತು ಎಂದರು.

ಫೋನು ವಾಪಸು ಕೊಡಹೋದೆ. ತಂಗಿ ತೆಗೆದುಕೊಳ್ಳಲಿಲ್ಲ. ಹೆಂಗಸರ ಕಡೆ ಕೈ ತೋರಿಸಿದಳು.

"ನಾಳಿಂದ ಇವ್ರಿಗೆ ಕೆಲ್ಸ ಇಲ್ಲ ಅಂತಾನೂ ನೀನೇ ಏಳಣ್ಣ."