ಮಹಾದ್ವಾರಕ್ಕೆ ಕೆಂಪು, ಮಂಡೆಗೆ ಕಪ್ಪು

ತಿಂಗಳಿಗೊಂದು ಭಾನುವಾರ, ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ನಮ್ಮ ಫ್ಲ್ಯಾಟಿನ ಬಚ್ಚಲಲ್ಲಿ ಹಳೆಯ ಬನಿಯನ್ ತೊಟ್ಟು, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಲೆಗೆ ಕಪ್ಪು ಬಳಿದುಕೊಳ್ಳುವುದು ನನ್ನ ನಿತ್ಯನೈಮಿತ್ತಿಕಗಳಲ್ಲೊಂದು. ಇದಕ್ಕೆ ನಾನಿಟ್ಟ ಹೆಸರು ಕೇಶೋದ್ಧಾರ; ನನ್ನ ಹೆಂಡತಿ ಸುಮಾ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಇಂಥ ನಾನು, ಸಿಡ್ನಿ ಒಲಿಂಪಿಕ್ಸ್ ಮುಗಿದು ನಾಲ್ಕಾರು ವರ್ಷಗಳಾದ ಮೇಲೆ, ಚೈನಾಟೌನಿನ ಮಹಾದ್ವಾರದ ಜೀರ್ಣೋದ್ಧಾರಕ್ಕೆ ಜನಾಭಿಪ್ರಾಯ ಕೇಳಿದ ಸಭೆಯಲ್ಲಿ ಎದ್ದುನಿಂತು, ದಯವಿಟ್ಟು ಹೊಸ ಬಣ್ಣ ಬಳಿಯಬೇಡಿ, ಕಾಲ ಬಳಿದ ಮಂಕಿನಲ್ಲೇ ಸೊಬಗಿದೆ ಎಂದು ಭಾಷಣ ಬಿಗಿದೆನೆಂದರೆ ನೀವು ನಂಬಬೇಕು. ಶನಿವಾರ ಹಾಗಲಕಾಯಿ ಕೊಳ್ಳುವುದೊಂದೇ ನನಗೂ ಆ ಬೀದಿಗೂ ಇದ್ದ ಋಣಾನುಬಂಧ. ಆದರೇನು, ಮಾಸಿದ ಕಂಬಗಳು ಫೋಟೋದಲ್ಲಿ ಎಷ್ಟು ಚೆನ್ನಾಗಿ ಬರುತ್ತವೆ, ಸ್ವಾಮಿ! ಹೊರಗಿನಿಂದ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ದ್ವಾರದೊಳಗಿನ ಬೀದಿಯಲ್ಲೇ ಬದುಕುವವರು ಸುಮ್ಮನೆ ಕೂತಿದ್ದರು; ಅದನ್ನು ನಾನು ಸಮ್ಮತಿಯೆಂದೇ ತಿಳಿದೆ.

ಹಾಗಲಕಾಯಿ ಅಂಗಡಿಯ ಲಿನ್ ಆಂಟಿ ಸಮ್ಮತಿಸಿರಲಿಲ್ಲ. ಮುಂದಿನ ಶನಿವಾರ ಚೀಲ ಕೈಗೆ ಕೊಡದೆ ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡರು. ದ್ವಾರ ಹೊಸದಾಗಿದ್ದಾಗ ಗಂಡನೊಡನೆ ತೆರೆದ ಅಂಗಡಿಯಂತೆ ಅದು. ಗಂಡ ಈಗಿಲ್ಲ, ಕಣ್ಣೂ ದಿನೇ ದಿನೇ ಮಂಜಾಗುತ್ತಿದೆ, ಬೆಳಿಗ್ಗೆ ಬಾಗಿಲು ತೆಗೆದಾಗ ದ್ವಾರ ಕಂಡರೆ ಜೀವಕ್ಕೆ ಸಮಾಧಾನ. "ನಿಮಗೆ ಮಂಕು ಚಂದ. ಮಂಕಾದ್ರೆ ನನಗೆ ಗೇಟೇ ಇಲ್ಲ," ಎಂದರು. ನಾಚಿಕೆಯಾಯಿತು, ಸಭೆಯಲ್ಲಾಡಿದ ಮಾತನ್ನು ಹಿಂತೆಗೆಯುವಷ್ಟಲ್ಲ.

ಮನೆಯಲ್ಲಿ ಸುಮಾ ಬಿಟ್ಟಾಳೆಯೇ? "ಗೇಟಿಗೆ ಬಣ್ಣ ಬೇಡ, ನಿಮ್ ತಲೆಗೆ ಮಾತ್ರ ಬೇಕಾ? ಏನ್ರೀ ಇದು ನಿಮ್ ಹೆರಿಟೇಜು!" ಮಾನ ಉಳಿಸಿಕೊಳ್ಳಲು ಕೇಶೋದ್ಧಾರ ನಿಲ್ಲಿಸಿದೆ. ಕೂದಲು ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪಾಯಿತು. ಚಾಟ್ಸ್‌ವುಡ್ಡಿನ ಆಫೀಸಿಗೆ ಹೋಗುವ ಟ್ರೇನಿನಲ್ಲಿ ಹುಡುಗಿಯೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟ ದಿನ ನನ್ನ ಸೌಂದರ್ಯಮೀಮಾಂಸೆ ಅಲುಗಾಡಿತು.

ಪುಣ್ಯಕ್ಕೆ ನನ್ನ ಭಾಷಣವನ್ನು ಸಭೆ ಕರೆದವರು ಕಿವಿಗೆ ಹಾಕಿಕೊಂಡಿರಲಿಲ್ಲ. ಕೆಲಸ ಮುಗಿದು ಮುಸುಕು ತೆಗೆದ ಶನಿವಾರ ದ್ವಾರ ಮದುವಣಗಿತ್ತಿಯ ಹಾಗೆ ಕೆಂಪಗೆ ನಿಂತಿತ್ತು, ನನ್ನ ಅಭಿರುಚಿಯ ಕಣ್ಣು ಕುಕ್ಕುವಷ್ಟು. ಲಿನ್ ಆಂಟಿ ಹೊಸ್ತಿಲಲ್ಲಿ ನಿಂತು "ಕಾಣ್ತಿದೆ, ಕಾಣ್ತಿದೆ" ಎನ್ನುತ್ತಿದ್ದರು. ನನಗೂ ಕಣ್ಣು ತುಂಬಿತು. ಆಮೇಲೆ ನನ್ನತ್ತ ತಿರುಗಿ ಎಷ್ಟು ದಿಟ್ಟಿಸಿದರೂ ಈ ಮಂಕು ತಲೆಯ ಗುರುತು ಅವರಿಗೆ ಹತ್ತಲಿಲ್ಲ. ನಾನು ಬಾಯಿಬಿಟ್ಟ ಮೇಲೆ, "ಓ, ಬಣ್ಣ ಬೇಡ ಅಂದವ್ರು!" ಎಂದು ನಕ್ಕು, ನನ್ನ ಚೀಲದ ಹಾಗಲಕಾಯಿಯ ಮೇಲೆ ಹೇರ್ ಡೈ ಡಬ್ಬಿಯೊಂದನ್ನು ಇಳಿಸಿದರು.

ಇಂದು ಭಾನುವಾರ. ಬನಿಯನ್ ಅದೇ, ಬ್ರಷ್ಷೂ ಅದೇ. ಸುಮಾ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ, ನಗಲಿ. ಲಿನ್ ಆಂಟಿಗೆ ನಾನೂ ಕಾಣಬೇಕಲ್ಲ.