ಮೆಂತ್ಯದ ಇಂಜಿನ್ನು

ಆಗಿನ ಜಯನಗರವನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಬೀದಿಯಲ್ಲಿ ಇದ್ದದ್ದು ನಾಲ್ಕೇ ಮನೆ. ಮಿಕ್ಕದ್ದೆಲ್ಲ ಸೈಟಿನ ಕಲ್ಲುಗಳು, ಅವುಗಳ ನಡುವೆಯೇ ಹಟ ಬಿಡದೆ ರಾಗಿ ಬಿತ್ತುತ್ತಿದ್ದ ಹಳೆಯ ಹಳ್ಳಿಯವರು. ಮಳೆ ಬಂದರೆ ಜಟಕಾದವರು ನಮ್ಮ ಕಡೆ ತಲೆಯೇ ಹಾಕುತ್ತಿರಲಿಲ್ಲ. ಪುಟ್ಟೇನಹಳ್ಳಿಯಿಂದ ಹಾಲು ತರುತ್ತಿದ್ದ ಮುದುಕಿ, "ಅಕ್ಕಾವ್ರೇ, ನಿಮ್ ರೋಡಿಗಿಂತ ನಮ್ ಕೆರೆನೇ ವಾಸಿ" ಎಂದು ಬೈದುಕೊಂಡೇ ಹಾಲು ಅಳೆಯುತ್ತಿದ್ದಳು.

ಆ ರಸ್ತೆ ನಮ್ಮ ಸರೋಜಕ್ಕನ ಶತ್ರು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಮಿಡ್ಲ್ ಸ್ಕೂಲು ಹತ್ತಿರವಿತ್ತು, ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದರು. ಹೈಸ್ಕೂಲು ಬಸವನಗುಡಿಯಲ್ಲಿ. ಒಮ್ಮೆ ಇಳಿಜಾರಿನಲ್ಲಿ ಸೈಕಲ್ ಜಾರಿ ಅವಳ ಕೈ ಮುರಿದ ಮೇಲೆ ಅಪ್ಪನ ಧೈರ್ಯ ಹೋಯಿತು. ಓದಿದ್ದು ಸಾಕು ಎಂಬ ಮಾತು ಮನೆಯಲ್ಲಿ ಓಡಾಡತೊಡಗಿತು. ಅಕ್ಕನಿಗೋ ಲೆಕ್ಕವೆಂದರೆ ಪ್ರಾಣ. ಬೇರೆ ಮಕ್ಕಳು ಕುಂಟೆಬಿಲ್ಲೆ ಆಡುವಾಗ ಅವಳು ಜಗಲಿಯ ಮೇಲೆ ಕೂತು ಸ್ಲೇಟು ತುಂಬ ಲೆಕ್ಕ ಮಾಡುತ್ತಿದ್ದಳು.

ಅವಳ ಪರವಾಗಿ ನಿಂತವರು ಅಪ್ಪನ ತಮ್ಮ, ಶಿವಣ್ಣ ಚಿಕ್ಕಪ್ಪ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಮ್ಮ ಜೊತೆಗೇ ಇದ್ದರು. ಅವರ ಸಾಹೇಬರ ಬಂಗಲೆಯ ಹಿಂದೆ ಇಂಜಿನ್ ಬಿರುಕು ಬಿಟ್ಟ ಹಳೆಯ ಕಾರೊಂದು ಕೋಳಿಗಳ ಪಾಲಾಗಿತ್ತು. ಅದನ್ನು ಕೇಳಿ ಪಡೆದು, ಎತ್ತು ಕಟ್ಟಿ ಎಳೆಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು.

"ಅಣ್ಣ, ಜೂನ್‌ಗೆ ಸ್ಕೂಲ್ ಶುರುವಾಗೋ ಹೊತ್ತಿಗೆ ಇದು ಓಡತ್ತೆ. ನಾನು ರಾತ್ರಿ ಪಾಳಿ ಹಾಕಿಸ್ಕೋತೀನಿ. ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡ್ ಬರ್ತೀನಿ."

"ಓಡಿದ್ರೆ ಕಳಿಸ್ತೀನಿ. ಓಡ್ಲಿಲ್ಲ ಅಂದ್ರೆ ಇನ್ನು ಆ ಮಾತು ಎತ್ತಬಾರ್ದು" ಎಂದರು ಅಪ್ಪ.

ಕಲಾಸಿಪಾಳ್ಯದ ಶೆಡ್ಡೊಂದರಲ್ಲಿ, ಗುದ್ದಿಕೊಂಡು ಮೂಲೆ ಸೇರಿದ್ದ ವ್ಯಾನಿನ ಇಂಜಿನ್ನು ಸಿಕ್ಕಿತು. ಆದರೆ ವ್ಯಾನಿನ ಇಂಜಿನ್ನು ಕಾರಿನ ಹೊಟ್ಟೆಯಲ್ಲಿ ಹಿಡಿಸಬೇಕಲ್ಲ. ಎಲ್ಲಿ ತಾಗುತ್ತದೆ, ಯಾವ ಕಬ್ಬಿಣ ಕತ್ತರಿಸಿ ಎಲ್ಲಿ ಬೆಸೆಯಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಬೇಕು. ನಾಲ್ಕಾಳು ಹೊರುವ ಇಂಜಿನ್ನನ್ನು ಹತ್ತು ಸಲ ಇಳಿಸಿ ಎತ್ತಿ ನೋಡುವುದು ಆಗದ ಮಾತು. "ಅದೇ ಅಳತೇದು, ಹಗುರವಾಗಿರೋದು ಒಂದಿದ್ರೆ" ಎಂದು ಚಿಕ್ಕಪ್ಪ ಪೇಚಾಡುತ್ತಿದ್ದಾಗ ಅಡಿಗೆಮನೆಯಿಂದ ಅಮ್ಮ ಕೇಳಿದಳು: "ಶಿವಣ್ಣ, ಮೊರಕ್ಕೆ ಬಳೀತೀವಲ್ಲ, ಆ ಕಾಗದದಲ್ಲಿ ಮಾಡಿದ್ರೆ ಆಗಲ್ವಾ?"

ಆ ಕಾಲದ ಮನೆಗಳಲ್ಲಿ ಹಳೆಯ ಕಾಗದ ಯಾರೂ ಎಸೆಯುತ್ತಿರಲಿಲ್ಲ. ನೀರಿನಲ್ಲಿ ಕೊಳೆಹಾಕಿ, ನೆನೆಸಿದ ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಿ, ತೂತು ಬಿದ್ದ ಮೊರ ಬುಟ್ಟಿಗಳಿಗೆ ಬಳಿಯುತ್ತಿದ್ದರು. ಒಣಗಿದರೆ ಹಲಗೆಯಷ್ಟು ಗಟ್ಟಿ, ತೂಕ ಮಾತ್ರ ಇಲ್ಲ.

ಒಂದು ಭಾನುವಾರ ಚಿಕ್ಕಪ್ಪ ಅಕ್ಕನನ್ನು ಶೆಡ್ಡಿಗೇ ಎತ್ತಿಕೊಂಡು ಹೋದರು. ಅವರು ದರ್ಜಿಯ ಟೇಪು ಹಿಡಿದು ಇಂಜಿನ್ನಿನ ಮೂಲೆ ಮೂಲೆ ಅಳೆದು ಹೇಳಿದರು, ಅವಳು ಡಬ್ಬದ ಮೇಲೆ ಕೂತು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಮೇದರವರಿಂದ ಬಿದಿರ ದಬ್ಬೆ ತಂದು ಹಂದರ ಕಟ್ಟಿದರು. ಅಮ್ಮ ರುಬ್ಬಿ ರುಬ್ಬಿ ಬಳಿದಳು. ಅಕ್ಕ ಪಕ್ಕದಲ್ಲೇ ಕೂತು, "ಇಲ್ಲಿ ಇನ್ನೂ ಕಾಲಂಗುಲ ಬೇಕಮ್ಮ" ಎಂದು ಹೇಳುತ್ತಿದ್ದಳು. ಇಡೀ ಮನೆ ಮೆಂತ್ಯದ ಕಹಿ ವಾಸನೆ ಹೊಡೆಯುತ್ತಿತ್ತು, ತಿನ್ನುವ ಅನ್ನಕ್ಕೂ ಅದೇ ವಾಸನೆ. ಕಡೆಗೆ ಕೆಮ್ಮಣ್ಣು ಬಳಿದು, ಹಪ್ಪಳ ಸಂಡಿಗೆಯ ಪಕ್ಕದಲ್ಲಿ ಇಂಜಿನ್ನನ್ನೂ ಬಿಸಿಲಿಗೆ ಇಟ್ಟರು. ಕಾಗೆ ಓಡಿಸುವ ಕೆಲಸ ನನ್ನದು. ಅದನ್ನು ನಾನೇ ಎತ್ತಿ ತಿರುಗಿಸಿ ಇಡುತ್ತಿದ್ದೆ, ಅಷ್ಟು ಹಗುರ.

ಮೊದಲ ಸಲ ಕಾರಿನೊಳಗೆ ಇಳಿಸಿದಾಗ ಅದು ಕೂರಲಿಲ್ಲ. ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯಂಥ ಭಾಗ ಸ್ಟೇರಿಂಗಿನ ರಾಡಿಗೆ ತಾಗಿತು. ಚಿಕ್ಕಪ್ಪ ಬೆವರು ಒರೆಸಿಕೊಂಡು, "ಮುಂದಿನ ಭಾನುವಾರ ಸ್ವಲ್ಪ ಹಿಂದಕ್ಕೆ ತಳ್ಳಿ ನೋಡೋಣ" ಎಂದರು. ಅಕ್ಕ ಮುಖ ತಿರುಗಿಸಿ ಕೂತಳು. ಅವಳು ಅಳುತ್ತಿದ್ದುದನ್ನು ನೋಡಿದವಳು ನಾನೊಬ್ಬಳೇ.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಬುಟ್ಟಿಯ ಮುಚ್ಚಳ ಕೂರದಿದ್ದರೆ ಅಮ್ಮ ಏನು ಮಾಡುತ್ತಿದ್ದಳು? ಒದ್ದೆ ಮಾಡಿ ಕೆರೆದು, ಮತ್ತೆ ಬಳಿಯುತ್ತಿದ್ದಳು. ನಾನೂ ಅದನ್ನೇ ಮಾಡಿದೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಆ ತೊಟ್ಟಿಯ ತಳಕ್ಕೆ ಒದ್ದೆ ಬಟ್ಟೆ ಹಾಕಿ ನೆನೆಸಿ, ಚಾಕುವಿನಿಂದ ಒಂದಂಗುಲ ಕೆರೆದೆ. ಉಳಿದ ಕೆಮ್ಮಣ್ಣು ಬಳಿದೆ. ಚಾಕು ಜಾರಿ ಬೆರಳು ಕೊಯ್ದುಕೊಂಡೆ.

"ಬೆರಳಿಗೇನಾಯ್ತೇ?" ಎಂದಳು ಅಕ್ಕ.

"ಮಾವಿನಕಾಯಿ ಹೆಚ್ಚೋವಾಗ ತಗಲ್ತು."

ಅವಳು ನನ್ನ ಉಗುರಿನಲ್ಲಿದ್ದ ಕೆಮ್ಮಣ್ಣನ್ನು ನೋಡಿ, ಬೆರಳಿಗೆ ಬಟ್ಟೆ ಸುತ್ತಿದಳು. ಅವಳಿಗೆ ಸಹಾಯ ಮಾಡಿದೆ ಎಂದು ನಾನು ಆ ವಾರವೆಲ್ಲ ಉಬ್ಬಿಕೊಂಡೇ ತಿರುಗಿದೆ.

ಭಾನುವಾರ ಇಂಜಿನ್ನು ಸರಿಯಾಗಿ ಕೂತಿತು. "ನೋಡಿದ್ರಾ ಅತ್ತಿಗೆ, ಒಂದ್ ಸ್ವಲ್ಪ ಹಿಂದಕ್ಕೆ ತಳ್ಳಿದ್ದೇ ತಡ!" ಎಂದು ಚಿಕ್ಕಪ್ಪ ಕುಣಿದರು. ಅಮ್ಮ ಪಾಯಸ ಮಾಡಿದಳು. ಅದೇ ಲೆಕ್ಕದಲ್ಲಿ ಕಾರಿನ ಅಡ್ಡಪಟ್ಟಿ ಕತ್ತರಿಸಿದರು, ಇಂಜಿನ್ನು ಕೂರುವ ಕಾಲುಗಳನ್ನು ಬೆಸೆಸಿದರು.

ಸ್ಕೂಲಿಗೆ ಇನ್ನು ಒಂಬತ್ತು ದಿನ ಎನ್ನುವಾಗ ನಿಜವಾದ ಇಂಜಿನ್ನು ಬಂತು. ಮೂರು ಸರ್ವೆ ಮರ ನಿಲ್ಲಿಸಿ, ಸರಪಳಿ ಕಟ್ಟಿ ನಿಧಾನವಾಗಿ ಇಳಿಸಿದರು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೂರಲು ಇನ್ನೊಂದಂಗುಲ ಇದೆ ಎನ್ನುವಾಗ ಅದು ನಿಂತುಬಿಟ್ಟಿತು. ಬೆಸೆದದ್ದನ್ನೆಲ್ಲ ಕಿತ್ತು ಹೊಸದಾಗಿ ಮಾಡಲು ಎರಡು ತಿಂಗಳು ಬೇಕಿತ್ತು.

"ನಾನೇ ಸರಿಯಾಗಿ ಬಳೀಲಿಲ್ಲವೇನೋ" ಎಂದು ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿಕ್ಕಪ್ಪ ಕಾಗದದ ಇಂಜಿನ್ನನ್ನು ಎತ್ತಿ ತಳ ನೋಡಲು ಹೋದರು. ಅಷ್ಟರಲ್ಲಿ ಒಳಗಿನಿಂದ ಅಕ್ಕ ಕೂಗಿದಳು: "ಚಿಕ್ಕಪ್ಪ, ಅದನ್ನ ಬಿಡಿ. ಇಲ್ಲಿ ಬನ್ನಿ. ನಾನೇ ತಪ್ಪು ಬರ್ಕೊಂಡಿದೀನಿ. ಹನ್ನೊಂದು ಇರೋ ಕಡೆ ಹತ್ತು ಅಂತ ಬರ್ದಿದೀನಿ, ನೋಡಿ."

ಚಿಕ್ಕಪ್ಪ ನೋಟುಬುಕ್ಕು ನೋಡಿದರು. "ಹೋಗ್ಲಿ ಬಿಡು ಮಗಳೇ" ಎಂದರು. ಅಪ್ಪ ಬಿಡಲಿಲ್ಲ. "ಲೆಕ್ಕ ಲೆಕ್ಕ ಅಂತ ಎಲ್ರೂ ಹೊಗಳಿದ್ದೇ ಹೊಗಳಿದ್ದು. ಒಂದು ಅಳತೆ ನೆಟ್ಟಗೆ ಬರ್ಕೊಳ್ಳೋಕ್ ಬರ್ಲಿಲ್ಲ. ಇವಳನ್ನ ಹೈಸ್ಕೂಲಿಗೆ ಕಳಿಸಿ ಏನಾಗ್ಬೇಕು?"

ನಾನು ಕಂಬ ಹಿಡಿದು ನಿಂತಿದ್ದೆ. ಹೇಳಬಹುದಿತ್ತು. ಅಪ್ಪನ ಏಟಿಗೆ ಹೆದರಿ ಬಾಯಿ ಬಿಡಲಿಲ್ಲ. ಅಕ್ಕ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಕಾರು ಗುಜರಿಗೆ ಹೋಯಿತು. ಕಾಗದದ ಇಂಜಿನ್ನು ಮೊದಲ ಮಳೆಗೆ ಮತ್ತೆ ಕಾಗದವಾಯಿತು. ಅಕ್ಕ ಅದೇ ಟೇಪು ಹಿಡಿದು ಬೀದಿಯ ಮಕ್ಕಳಿಗೆಲ್ಲ ಲಂಗ, ಫ್ರಾಕು ಹೊಲಿದಳು. ನಾನು ಮುಂದೆ ಬಸವನಗುಡಿಯ ಅದೇ ಹೈಸ್ಕೂಲಿಗೆ ನಡೆದು ಹೋದೆ, ನನ್ನ ಯೂನಿಫಾರಮ್ಮನ್ನೂ ಅವಳೇ ಹೊಲಿದುಕೊಟ್ಟಳು. ಎಷ್ಟೋ ಸಲ ಬಾಯಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ನಾಳೆ ಹೇಳಿದರಾಯಿತು ಎಂದುಕೊಂಡು ಇಡೀ ಆಯುಸ್ಸು ಕಳೆದೆ.

ಕಳೆದ ವರ್ಷ ಅಕ್ಕ ಹೋದಳು. ಈಗ ನಮ್ಮ ಬೀದಿಯಲ್ಲಿ ನಿಂತ ಕಾರುಗಳಿಂದಾಗಿ ನಡೆಯಲು ಜಾಗವಿಲ್ಲ, ಮೆಂತ್ಯ ರುಬ್ಬಿ ಮೊರಕ್ಕೆ ಬಳಿಯುವವರಂತೂ ಒಬ್ಬರೂ ಇಲ್ಲ. ಅವಳ ಹೊಲಿಗೆ ಪೆಟ್ಟಿಗೆಯ ತಳದಲ್ಲಿ ಆ ನೋಟುಬುಕ್ಕು ಸಿಕ್ಕಿತು. ಪುಟದ ತುಂಬ ಪೆನ್ಸಿಲ್ಲಿನ ಮುದ್ದಾದ ಅಂಕಿಗಳು. ಎಣ್ಣೆ ತೊಟ್ಟಿಯ ಸಾಲಿನಲ್ಲೂ ಪೆನ್ಸಿಲ್ಲಿನಲ್ಲಿ ಹನ್ನೊಂದು ಎಂದೇ ಇತ್ತು, ಎರಡು ನೆಟ್ಟನೆಯ ಒಂದುಗಳು. ಎರಡನೆಯದರ ಸುತ್ತ ಮಾತ್ರ ನೀಲಿ ಶಾಯಿಯಲ್ಲಿ ಅವಸರದ ಸೊನ್ನೆ ಸುತ್ತಿತ್ತು.

ಮೊಮ್ಮಗಳ ರಬ್ಬರು ತಂದು ಆ ಸೊನ್ನೆಯನ್ನು ಉಜ್ಜಿದೆ. ಶಾಯಿ ಹೋಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದೆ, ಕಾಗದ ಹರಿಯಿತು.