ಮೋತ್ಯಾನ ಕೊರಳಿನ ದಾರ

ರೊಟ್ಟಿ ಬಡಿಯುತ್ತಿದ್ದೆ. ಎದುರಿನ ಗೋಡೆಯ ಮೇಲೆ ಬೂದು ಬಣ್ಣದ್ದೇನೋ ನಿಧಾನಕ್ಕೆ ಮೇಲೇರುತ್ತಿತ್ತು. ಔಡಲ ಬೀಜಕ್ಕೆ ಕಾಲು ಬಂದಂತೆ. ಹತ್ತಿರ ಹೋಗಿ ನೋಡಿದರೆ, ಉಣ್ಣಿ! ನಮ್ಮ ನಾಯಿಯ ರಕ್ತ ಕುಡಿದು ಹೊಟ್ಟೆ ತುಂಬಿಸಿಕೊಂಡು, ರೊಟ್ಟಿ ಬುಟ್ಟಿಯ ಮೇಲುಗಡೆ ವಾಕಿಂಗ್ ಹೊರಟಿತ್ತು.

ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದೆ. ಏಕೆಂದರೆ ನಮ್ಮ ನಾಯಿಗೆ ಈಗ ಒಂದೂ ಉಣ್ಣಿಯಿಲ್ಲ ಎಂದು ಅತನೂರಿನ ನಮ್ಮ ಓಣಿ ತುಂಬ ಹೇಳಿಕೊಂಡು ಬಂದವಳು ನಾನೇ.

ನಾಯಿಯ ಹೆಸರು ಮೋತ್ಯಾ. ಜಾತಿ ನಾಯಿಯೇನಲ್ಲ, ಓಣಿಯಲ್ಲೇ ಹುಟ್ಟಿ ನಮ್ಮ ಮನೆ ಸೇರಿದ್ದು. ಬೇಸಿಗೆ ಶುರುವಾದದ್ದೇ ತಡ, ಅದರ ಮೈಯೆಲ್ಲ ಉಣ್ಣಿ. ಸ್ಪ್ರೇ, ಪೌಡರ್ ಬೇಡವೇ ಬೇಡ, ಎಲ್ಲ ನ್ಯಾಚುರಲ್ ಆಗಿರಲಿ ಎಂದು ಠರಾಯಿಸಿದೆ. (ಮೊಬೈಲಿನಲ್ಲಿ ವಿಡಿಯೋ ನೋಡಿದವರಿಗೆ ಬರುವ ಧೈರ್ಯವೇ ಬೇರೆ!) ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೇವಿನ ಎಣ್ಣೆ ಬೆರೆಸಿ ಹಚ್ಚಿದೆ. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಮೈ ತೊಳೆದೆ. ಪಕ್ಕದ ಮನೆಯ ರಶೀದಾ ಆಪಾ, "ತಂಬಾಕ ನೀರ ಹಚ್ಚಿ ನೋಡು ಶಾಂತಾ, ನಮ್ಮ ಎಮ್ಮಿಗಿ ಅದೇ ಹಚ್ತೀವಿ" ಅಂದರು. ನಾಯಿ ಮೈಯೆಲ್ಲ ನೆಕ್ಕಿಕೊಳ್ಳುವ ಪ್ರಾಣಿ. ತಂಬಾಕು ಹೊಟ್ಟೆಗೆ ಹೋದರೆ ಗತಿಯೇನು? ಬೇಡ ಆಪಾ ಎಂದೆ.

ದಿನಾ ಸಂಜೆ ಅಂಗಳದಲ್ಲಿ ತಪಾಸಣೆ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ. ಕೂದಲು ಹಿಂದಕ್ಕೆ ಸವರಿ, ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ಎಳೆದು, ಸಾಬೂನು ನೀರಿನ ಬಟ್ಟಲಿಗೆ ಹಾಕುವುದು. (ಉಗುರಿನಲ್ಲಿ ಒತ್ತಿ ಚಟ್ ಅನ್ನಿಸುವ ಚಪಲ ನನಗೂ ಇದೆ, ಆದರೆ ಹಾಗೆ ಮಾಡಬಾರದಂತೆ.) ಮೊದಮೊದಲು ಬಟ್ಟಲು ಕಪ್ಪಾಗುತ್ತಿತ್ತು. ಬರಬರುತ್ತ ಕಡಿಮೆಯಾಗಿ, ಕೊನೆಗೆ ಖಾಲಿ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಮೋತ್ಯಾ ಸೊರಗುತ್ತಿತ್ತು. ಹಾಲು ರೊಟ್ಟಿ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಬಾಗಿಲಿಗೆ ಯಾರು ಬಂದರೂ ಬೊಗಳಲೊಲ್ಲದು. ಬಿಸಿಲಿನ ಝಳಕ್ಕೆ ಹೀಗೆ ಅಂದುಕೊಂಡಿದ್ದೆವು. ಗೋಡೆಯ ಮೇಲಿನ ಉಣ್ಣಿ ನೋಡಿದ ಮೇಲೆ ಅನುಮಾನ ಹುಟ್ಟಿತು. ಒಂದೂ ಇಲ್ಲದಿದ್ದರೆ ಇದೆಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ನಾನು, ನಮ್ಮತ್ತೆ, ಅತ್ತೆಯ ತೊಡೆಯ ಮೇಲೆ ಮೋತ್ಯಾ, ಟಂಟಂ ಆಟೋ ಹತ್ತಿ ಅಫಜಲಪುರದ ದನದ ದವಾಖಾನೆಗೆ ಹೋದೆವು. ಡಾಕ್ಟರು ಮೋತ್ಯಾನ ತುಟಿ ಎತ್ತಿದರು.

"ವಸಡ ನೋಡ್ರಿ, ಹ್ಯಾಂಗ ಬೆಳ್ಳಗಾಗ್ಯಾವ. ಮೈಯಾಗ ರಕ್ತನೇ ಇಲ್ಲ. ಉಣ್ಣಿ ಜ್ವರ ಇರ್ಬೇಕು."

"ಉಣ್ಣಿ ಇಲ್ರಿ ಸರ್! ದಿನಾ ನಾನೇ ನೋಡ್ತೇನಿ."

ಡಾಕ್ಟರು ಅದರ ಕೊರಳ ಮೇಲೆ ಬೆರಳಿಟ್ಟರು. "ಇಲ್ಲಿ ನೋಡೀರೇನ್ರಿ?"

ನೋಡಿರಲಿಲ್ಲ.

ಅಲ್ಲಿದ್ದದ್ದು ಘತ್ತರಗಿ ಭಾಗ್ಯವಂತಿ ದೇವಿಯ ದಾರ. ಮೋತ್ಯಾ ಮರಿಯಿದ್ದಾಗ ಜೊತೆಯ ಮರಿಗಳೆಲ್ಲ ವಾಂತಿ ಭೇದಿಯಾಗಿ ಸತ್ತವು. ಇದೊಂದನ್ನು ಉಳಿಸು ತಾಯಿ ಎಂದು ಅತ್ತೆ ಹರಕೆ ಹೊತ್ತರು. ಉಳಿಯಿತು. ಅಂದಿನಿಂದ ಅಮಾವಾಸ್ಯೆಗೊಮ್ಮೆ ಘತ್ತರಗಿಗೆ ಹೋಗುವುದು, ಹೊಸ ದಾರ ತಂದು ಇದರ ಕೊರಳಿಗೆ ಕಟ್ಟುವುದು. ಹಳೆಯದು ಬಿಚ್ಚುವಂತಿಲ್ಲ. "ದೇವ್ರ ದಾರ ಬಿಚ್ಚಿ ಎಲ್ಲಿ ಒಗೀತಿ?" ಎನ್ನುತ್ತಾರೆ. ದಾರದ ಮೇಲೆ ದಾರ ಸೇರಿ, ಭಂಡಾರ ಮೆತ್ತಿ, ಅದು ಹಗ್ಗದಷ್ಟು ದಪ್ಪವಾಗಿತ್ತು. "ಆ ನಾರೂ ಎಣ್ಣಿ ದಾರಕ್ಕ ಮುಟ್ಟಸಬ್ಯಾಡ" ಎಂದು ಅತ್ತೆ ಮೊದಲೇ ತಾಕೀತು ಮಾಡಿದ್ದರು. ನಾನೂ ಮುಟ್ಟಿಸಲಿಲ್ಲ. ಎಣ್ಣೆ ಹಚ್ಚುವಾಗಲೂ ಅದನ್ನು ಬಿಟ್ಟೆ, ಉಣ್ಣಿ ಹುಡುಕುವಾಗಲೂ ಬಿಟ್ಟೆ. (ಅತ್ತೆಯ ಮಾತು ಮೀರಿ ನೆಮ್ಮದಿಯಿಂದಿರುವ ಸೊಸೆಯಂದಿರು ಯಾರಾದರೂ ಇದ್ದರೆ ಕೈ ಎತ್ತಿ.)

ಹಾಗಾದರೆ ಉಣ್ಣಿಗಳು ಎಲ್ಲಿಗೆ ಹೋಗಬೇಕು? ಮೈಯೆಲ್ಲ ಬೇವಿನ ವಾಸನೆ. ನಾತವಿಲ್ಲದ, ಯಾರೂ ಕೆದಕದ ಜಾಗ ಅದೊಂದೇ ಉಳಿದಿತ್ತು. ನಾನು ಓಡಿಸಿದೆ ಅಂದುಕೊಂಡದ್ದೆಲ್ಲ ಅಲ್ಲೇ ಠಿಕಾಣಿ ಹೂಡಿತ್ತು.

ಡಾಕ್ಟರು ಕತ್ತರಿ ತೆಗೆದರು. ಅತ್ತೆ ಅವರ ಕೈ ಹಿಡಿದೇ ಬಿಟ್ಟರು.

"ತಡೀರಿ ಸಾಹೇಬ್ರ! ಆ ದಾರ ಹೋದ್ರ ಅವನ ಜೀವ ಹೋಗ್ತದ."

"ಆಯಿ, ಅದನ್ನ ತಗೀಲಿಲ್ಲಂದ್ರ ಅವ ಉಳಿಯೂದು ಕಷ್ಟ ಅದ."

ಡಾಕ್ಟರು ಕತ್ತರಿಯನ್ನು ನನ್ನ ಕಡೆ ಚಾಚಿದರು. ನಾನೋ? ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ನಾನು ಕತ್ತರಿಸಿ, ಮೋತ್ಯಾಗೆ ಏನಾದರೂ ಆದರೆ? ಆ ಮನೆಯಲ್ಲಿ ಸಾಯುವತನಕ ನಾನು ದಾರ ಕತ್ತರಿಸಿದ ಸೊಸೆಯೇ. ಹೆದರಿದೆ, ಖರೇ ಹೇಳುತ್ತೇನೆ.

ಕೊನೆಗೆ ಅತ್ತೆಯೇ ಫರಸಿ ನೆಲದ ಮೇಲೆ ಕೂತು, ಮೋತ್ಯಾನ ತಲೆ ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಗಂಟು ಬಿಡಿಸತೊಡಗಿದರು. ಕತ್ತರಿ ಬೇಡವೆಂದರು. "ಸಿಟ್ಟಾಗಬ್ಯಾಡ ತಾಯಿ. ತಪ್ಪಾಗಿದ್ರ ನನಗ ಹಿಡಿ, ಇವಗ ಬ್ಯಾಡ" ಎಂದು ಒಂದೊಂದು ಗಂಟಿಗೂ ಹೇಳುತ್ತಿದ್ದರು. ದಾರ ಕಳಚಿತು. ಕೆಳಗೆ ಕೂದಲೇ ಇರಲಿಲ್ಲ. ಹಸಿ ಹುಣ್ಣು, ಅದರ ತುಂಬ ಗೊಂಚಲು ಗೊಂಚಲು ಉಣ್ಣಿ. ಒಂದು ಅತ್ತೆಯ ಬಳೆಯ ಮೇಲೆ ಹತ್ತಿತು. ಅವರು ಕೊಡವಲೂ ಇಲ್ಲ, ನೋಡುತ್ತ ಕೂತರು.

ಡಾಕ್ಟರು ಉಣ್ಣಿ ತೆಗೆದು ಗಾಯ ತೊಳೆದರು, ಇಂಜೆಕ್ಷನ್ ಆಯಿತು, ಗುಳಿಗೆ ಕೊಟ್ಟರು. ರಕ್ತ ತಪಾಸಣೆಗೆ ಕಲಬುರಗಿಗೆ ಹೋಗಿದೆ, ರಿಪೋರ್ಟ್ ಇನ್ನೂ ಬಂದಿಲ್ಲ. ನಿಮ್ಮ ಮನೆಯಲ್ಲಿ ನಾಯಿಯಿದ್ದರೆ ಒಂದು ಕೆಲಸ ಮಾಡಿ. ಪೇಪರು ಪಕ್ಕಕ್ಕಿಟ್ಟು ಅದರ ಕೊರಳಿನ ಬೆಲ್ಟು, ಗೆಜ್ಜೆ, ತಾಯಿತ ಏನಿದೆಯೋ ಎತ್ತಿ ನೋಡಿ. ಬೇವಿನ ಎಣ್ಣೆ ಆಮೇಲೆ ಹಚ್ಚಿದರಾಯಿತು.

ವಾಪಸ್ ಬರುವಾಗ ಟಂಟಂನಲ್ಲಿ ಅತ್ತೆ ಒಂದೇ ಮಾತು ಕೇಳಿದರು. "ಶಾಂತಾ, ಇವ ಹೋದ್ರ, ದಾರ ಬಿಚ್ಚಿದ್ದಕ್ಕ ಹೋದ ಅನ್ನಬೇಕೋ, ಕಟ್ಟಿದ್ದಕ್ಕೋ?"

ನಾನು ಗುಳಿಗೆ ಎಣಿಸುತ್ತ ಕೂತೆ. ಬಾಯಿಮಾತಿಗಾದರೂ ಏನಾದರೂ ಹೇಳಬೇಕಿತ್ತು.

ಆಗಿನಿಂದ ಅತ್ತೆ ಮೋತ್ಯಾನ ಪಕ್ಕ ಬಿಟ್ಟು ಎದ್ದಿಲ್ಲ. ಚಮಚದಿಂದ ಗಂಜಿ ಹಾಕುತ್ತಾರೆ. ಅದು ಅರ್ಧ ನುಂಗುತ್ತದೆ, ಅರ್ಧ ಚೆಲ್ಲುತ್ತದೆ. ಇಂದು ಬೆಳಿಗ್ಗೆ ನನ್ನನ್ನು ಕೂಗಿ ಕರೆದು, ಅದರ ತುಟಿ ಎತ್ತಿ ಹಿಡಿದರು. "ನನ್ನ ಕಣ್ಣಿಗಿ ಬರೋಬರ್ ಕಾಣಂಗಿಲ್ಲ, ನೀ ನೋಡು. ನಿನ್ನಿಗಿಂತ ಕೆಂಪ ಆಗ್ಯಾವ ಹೌದಲ್ಲೋ?"

ಬಗ್ಗಿ ನೋಡಿದೆ. ಸುಣ್ಣ ಬಳಿದಂತೆ ಬೆಳ್ಳಗೇ ಇದ್ದವು.

"ಹೌದ್ರಿ ಅತ್ತಿ, ಕೆಂಪ ಆಗ್ಯಾವ" ಅಂದೆ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?